ಮಾಲೇಕಲ್ಲಿನ ಬುಡದಲ್ಲಿ ನಿಂತ ಹೊಗೆ

ಅದು ಧನುರ್ಮಾಸದ ಒಂದು ಬೆಳಿಗ್ಗೆ. ಪೂಜೆಗೆಂದು ಅಜ್ಜಿ, ತಂಗಿ, ನಾನು ಮಾಲೇಕಲ್ಲು ಬೆಟ್ಟ ಹತ್ತಿದ್ದೆವು. ಈಗಲೂ ತೆಂಗಿನ ಮಟ್ಟೆ ಸುಟ್ಟ ವಾಸನೆ ಬಂದರೆ ಆ ಮೆಟ್ಟಿಲುಗಳೇ ಕಣ್ಣಮುಂದೆ ಬರುತ್ತವೆ.

ತಂಗಿಗೆ ಚಳಿಗಾಲವಿಡೀ ಉಬ್ಬಸ, ಎದೆ ಸುಂಯ್‌ಗುಟ್ಟುತ್ತಲೇ ಇರುತ್ತಿತ್ತು. ಥಂಡಿ ಓಡಲೆಂದು ಅಜ್ಜಿ ದಿನವೂ ಅಂಗಳದಲ್ಲಿ ಮಟ್ಟೆಗೆ ಬೆಂಕಿಯಿಟ್ಟು ಅವಳನ್ನು ಪಕ್ಕದಲ್ಲೇ ಕೂರಿಸುತ್ತಿದ್ದರು. ಅಂದೂ ಬೆಂಕಿ ಹಚ್ಚಿಟ್ಟೇ ಹೊರಟಿದ್ದರು.

ಬೆಟ್ಟದ ಮೇಲೆ ಬಿಸಿಲಿತ್ತು. ಕೆಳಗೆ ಊರೇ ಇರಲಿಲ್ಲ. ಬೂದು ಹೊಗೆ ಕೆರೆಯ ನೀರಿನಂತೆ ಮಟ್ಟಸವಾಗಿ ನಿಂತಿತ್ತು. ಅದರೊಳಗಿಂದ ನಾಯಿಯ ಬೊಗಳು, ಬಸ್ಸಿನ ಹಾರನ್ನು ಮಾತ್ರ ಕೇಳುತ್ತಿದ್ದವು.

"ಈ ಚಳೀಲಿ ಹೊಗೆಗೂ ಎದ್ದೇಳಕ್ಕೆ ಸೋಂಬೇರಿತನ ಕಣೇ," ಎಂದರು ಅಜ್ಜಿ.

"ಅಜ್ಜೀ, ನನ್ನೆದೆ ಸುಮ್ಕಾಗೈತೆ," ಎಂದಳು ತಂಗಿ.

"ಸ್ವಾಮಿ ದಯೆ."

ಇಳಿಯುವಾಗ ಹೊಗೆಯೊಳಗೆ ಹೊಕ್ಕ ಸ್ವಲ್ಪ ಹೊತ್ತಿಗೆ ಅವಳ ಎದೆ ಮತ್ತೆ ಸುಂಯ್‌ಗುಟ್ಟಿತು. ಅಜ್ಜಿ ನಿಂತರು. ಅವಳ ಕೈ ಹಿಡಿದು ಬಿಸಿಲಿದ್ದಲ್ಲಿಗೆ ಹಿಂದಿರುಗಿದರು. ಅಲ್ಲಿಂದಲೇ ನನಗೆ ಕೂಗಿದರು:

"ನೀ ಓಡೇ, ಅಂಗಳದ ಬೆಂಕಿಗೆ ನೀರು ಸುರಿ. ಆಮೇಲೆ ನಾವ್ ಬತ್ತೀವಿ."

ಬೇಲಿ ತಡವುತ್ತಾ ಮನೆ ಸೇರಿ, ಕೊಡದ ನೀರು ಸುರಿದೆ. ನಮ್ಮ ಬೆಂಕಿ ಆರಿತು. ಹೊಗೆ ತೆಳುವಾಗಲಿಲ್ಲ. ಬೇಲಿಯಾಚೆ, ನನಗೆ ಕಾಣದ ಅಂಗಳಗಳಲ್ಲಿ, ಮಟ್ಟೆಗಳು ಚಟಚಟ ಎನ್ನುತ್ತಲೇ ಇದ್ದವು.