ತೊಂಬತ್ತು ಹೆಜ್ಜೆ

"ಹೆಜ್ಜಿ ಎಣಸ್ಕೋತ ಮಾತಾಡಾಕ ಆಗಂಗಿಲ್ಲವಾ, ಸ್ವಲ್ಪ ತಡಿ," ಎಂದು ಕಾಶೀಬಾಯಿ ಫೋನನ್ನು ಕಿವಿಗೊತ್ತಿಕೊಂಡೇ, ಬ್ಯಾಡಗಿಯ ಕಣದಲ್ಲಿ ಒಣಹಾಕಿದ್ದ ಮೆಣಸಿನಕಾಯಿಗಳ ನಡುವೆ ಕಣ್ಣು ಮುಚ್ಚಿ ಬರಿಗಾಲಲ್ಲಿ ನಡೆದಳು.

ಕಡಲು ದಂಡೆಯನ್ನು ಎಷ್ಟು ನುಂಗಿದೆ, ಇನ್ನೆಷ್ಟು ನುಂಗೀತು ಎಂದು ಅಳೆಯಲು ಬಂದಿದ್ದ ಮೇಧಾ ಎಂಬ ಹುಡುಗಿ ಕಾಶೀಬಾಯಿಯ ಕಡಲತಡಿಯ ತವರೂರಿನಿಂದ ಫೋನ್ ಮಾಡಿದ್ದಳು. ನಕ್ಷೆಗೆ ಹಳೆಯ ದಂಡೆಯ ಗುರುತು ಬೇಕಿತ್ತು. ಅಲ್ಲಿನ ಮೀನುಗಾರರ ಕೇರಿಯಲ್ಲಿ ಹುಟ್ಟಿದವರ ಪೈಕಿ ಬದುಕುಳಿದವಳು ಕಾಶೀಬಾಯಿಯೊಬ್ಬಳೇ. ಮನೆಯ ಹೊಸ್ತಿಲಿನಿಂದ ನೀರಿಗೆ ಎಷ್ಟು ದೂರವೆಂದು ಅವಳ ಬಾಯಿಗೆ ಗೊತ್ತಿರಲಿಲ್ಲ. ಅಪ್ಪನ ದೋಣಿಗೆ ಕಾಯಲು ದಿನವೂ ನಡೆದ ಕಾಲಿಗೆ ಗೊತ್ತಿತ್ತು.

"ತೊಂಬತ್ತು," ಎಂದು ನಿಂತಳು. "ಬರಕೊಂಡ್ಯೇನವಾ? ಈಗ ನೀ ಎಲ್ಲಿ ನಿಂತೀದಿ, ಹೊಸ್ತಿಲದ ಕಡೆಗೋ, ನೀರಿನ ಕಡೆಗೋ?"

"ನಿಮ್ಮ ಹೊಸ್ತಿಲು ಇದ್ದ ಜಾಗದಲ್ಲೇ ಇದ್ದೇನೆ ಅಮ್ಮಾ. ದೋಣಿಯಲ್ಲಿ."

ಕಣದಲ್ಲಿ ಕಾಯಿ ಹರವುತ್ತಿದ್ದ ಕೂಲಿಯಾಳು ಹೊನ್ನವ್ವ ತಲೆ ಎತ್ತಿದಳು. "ಏನರ ಕಳಕೊಂಡೀರೇನ್ರಿ, ಬಾಯಾರ?"

ಕಾಶೀಬಾಯಿ ಬಂದ ದಾರಿಗೇ, ಹೊಸ್ತಿಲಿನ ಕಡೆಗೆ ತಿರುಗಿ, ಆ ಒಣ ನೆಲದ ಮೇಲೆ ಸೀರೆಯ ನಿರಿಗೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು, ಮೊದಲ ಹೆಜ್ಜೆ ಇಟ್ಟಳು.