ಉಜ್ಜಿ ನೋಡುವ ಕಾರ್ಡು

"ವಾಸನೆ ಬಂತಾ?" ಎಂದು ನೆಗಡಿಯಿಂದ ಮೂಗು ಕಟ್ಟಿದ್ದ ಅಧಿಕಾರಿ ಕೇಳಿದರು. ಗ್ಯಾಸ್ ಪೈಪ್‌ಲೈನ್ ಸುರಕ್ಷತೆಯ ಸಭೆಗೆ ಬಂದವರಿಗೆಲ್ಲ ಒಂದೊಂದು ಕಾರ್ಡು ಹಂಚಿದ್ದರು; ಅದರ ಬೆಳ್ಳಿಬಣ್ಣದ ಪಟ್ಟಿಯನ್ನು ಉಗುರಿನಿಂದ ಉಜ್ಜಿದರೆ ಸೋರುವ ಗ್ಯಾಸಿನ ವಾಸನೆಯೇ ಬರುತ್ತದೆ.

"ಬಂತು ಸರ್, ಕೊಳೆತ ಮೊಟ್ಟೆ ಥರ," ಎಂದರು ಮುಂದೆ ಕೂತಿದ್ದ ಟೈಲರಮ್ಮ. ಹಿಂದಿನವರೂ ಹೂಂಗುಟ್ಟಿದರು. ಇಪ್ಪತ್ತು ಸಭೆಗಳಲ್ಲಿ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಮಾತಾಡಿ ಬಂದಿದ್ದ ಅಧಿಕಾರಿಗೆ ಇಂದು ಹೋದ ಜೀವ ಬಂದಂತಾಯಿತು.

ಸಭೆ ಮುಗಿದಾಗ ಟೈಲರಮ್ಮ ಎಲ್ಲರ ಕಾರ್ಡುಗಳನ್ನೂ ಜೋಡಿಸಿ ವಾಪಸ್ ತಂದುಕೊಟ್ಟರು. ಒಂದರ ಮೇಲೂ ಗೀರಿರಲಿಲ್ಲ.

"ಸರ್ಕಾರದ್ದಲ್ವಾ ಸರ್, ಹಾಳಾಗಬಾರದು ಅಂತ ಯಾರೂ ಉಜ್ಜಲಿಲ್ಲ. ವಾಸನೆ ಇಲ್ಲಿ ಹೇಗೂ ದಿನಾ ಬರುತ್ತಲ್ಲ."

ದೀಪ ಆರಿಸಲು ಸ್ವಿಚ್ಚಿನತ್ತ ಚಾಚಿದ್ದ ಅಧಿಕಾರಿಯ ಕೈ ಅಲ್ಲೇ ನಿಂತಿತು.