ಮುನಿಗಂಗಪ್ಪನವರ ಮೈಲೇಜು

"ಬ್ರೇಕ್ ಮುಟ್ಟಲೇಬಾರ್ದು ಕಣಮ್ಮ. ನಿಂತ ಗಾಡೀನ ಎಬ್ಬಿಸೋಕೇ ಎಣ್ಣೆಯೆಲ್ಲ ಹೋಗೋದು," ಎಂದು ಮುನಿಗಂಗಪ್ಪ ಹೆಲ್ಮೆಟ್ಟಿನೊಳಗಿಂದಲೇ ಪಾಠ ಹೇಳಿದರು. ಗೌರಿಬಿದನೂರು ರಸ್ತೆಯಲ್ಲಿ ಆರುನೂರ ಐವತ್ತು ಸಿಸಿಯ ಬೈಕು ಮದುವೆ ಮೆರವಣಿಗೆಯ ವೇಗದಲ್ಲಿ ಹೋಗುತ್ತಿತ್ತು. ಹಿಪ್ಪುನೇರಳೆ ಸೊಪ್ಪಿನ ಮೂಟೆ ಹೇರಿಕೊಂಡ ಮೊಪೆಡ್ಡೊಂದು ಅವರನ್ನು ದಾಟಿತು. ಅದರ ಸವಾರ ತಿರುಗಿ ನೋಡಿ ನಕ್ಕ. ಹಿಂದೆ ಕೂತಿದ್ದ ಮಗಳು ಸಂಘಮಿತ್ರಳಿಗೆ ಇಳಿದು ನಡೆದೇ ಹೋಗೋಣ ಅನ್ನಿಸಿತು. ಬೈಕು ಅವಳದೇ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪಾಠ ಹೇಳಿ ಸಂಪಾದಿಸಿ, ಆಸೆಪಟ್ಟು ಕೊಂಡದ್ದು.

ಎಲ್ಲ ಶುರುವಾದದ್ದು ಹಿಂದಿನ ದಿನ, ಟೀ ಅಂಗಡಿಯಲ್ಲಿ. ನರಸಿಂಹಮೂರ್ತಿ ಮತ್ತು ಮುನಿಗಂಗಪ್ಪ ಒಂದೇ ಡಿಪೋದಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಡೀಸೆಲ್ ಉಳಿಸಿದ ಚಾಲಕನಿಗೆ ವರ್ಷವರ್ಷ ಕೊಡುವ ಬಹುಮಾನ ನರಸಿಂಹಮೂರ್ತಿಯವರ ಮನೆಯ ಗೋಡೆ ತುಂಬ ಇದೆ. ಮುನಿಗಂಗಪ್ಪನವರಿಗೆ ಒಂದು ಸಲವೂ ಬರಲಿಲ್ಲ.

"ನಿನ್ನ ಗಾಡಿ ಲೀಟರಿಗೆ ಎಷ್ಟು ಕೊಡುತ್ತಮ್ಮ?" ಎಂದು ನರಸಿಂಹಮೂರ್ತಿ ಕೇಳಿದ್ದರು.

"ಇಪ್ಪತ್ಮೂರು ಬರುತ್ತೆ ಅಂಕಲ್. ಕಂಪನಿಯವ್ರು ಮೂವತ್ತು ಅಂತಾರೆ."

"ಅಪ್ಪನ ಮಗಳೇ ಸರಿ ಬಿಡು!"

ಅಂಗಡಿಗೆ ಅಂಗಡಿಯೇ ನಕ್ಕಿತು. ಮಗಳ ಎದುರು ಹಾಗೆ ನಗೆಪಾಟಲಾದದ್ದು ಮುನಿಗಂಗಪ್ಪನವರಿಗೆ ನುಂಗಲಾರದ ತುತ್ತಾಯಿತು. ಗ್ಲಾಸು ಕುಕ್ಕಿ ಎದ್ದವರೇ ಪಂಥ ಕಟ್ಟಿದರು. ಇದೇ ಬೈಕಿನಲ್ಲಿ ವಿದುರಾಶ್ವತ್ಥಕ್ಕೆ ಹೋಗಿ ಬಂದು ಮೂವತ್ತು ತೋರಿಸುತ್ತೇನೆ. ತೋರಿಸದಿದ್ದರೆ ಇದೇ ಅಂಗಡಿಯಲ್ಲಿ, ಎಲ್ಲರ ಮುಂದೆ, "ನಿನ್ನ ಮುಂದೆ ನಾನು ಡ್ರೈವರೇ ಅಲ್ಲ" ಎಂದು ನರಸಿಂಹಮೂರ್ತಿಗೆ ಹೇಳುತ್ತೇನೆ. ಸಾಕ್ಷಿಗೆ ಮಗಳು. ಮನೆಗೆ ಮರಳಿದ ಮೇಲೆ ಬೈಕಿನ ಮೀಟರ್ ತೋರಿಸುವ ಸರಾಸರಿಯ ಫೋಟೋ ಕಳಿಸುವುದು ಅವಳ ಕೆಲಸ.

ಹೋಗುವಾಗ ಇಳಿಜಾರು. ವಿದುರಾಶ್ವತ್ಥ ಮುಟ್ಟಿದಾಗ ಮೀಟರ್ ಮೂವತ್ತನಾಲ್ಕು ತೋರಿಸುತ್ತಿತ್ತು. ತನ್ನ ಬೈಕಿಗೆ ಇಂಥದ್ದೊಂದು ಸಾಧು ಸ್ವಭಾವ ಇದೆಯೆಂದು ಸಂಘಮಿತ್ರಳಿಗೆ ಗೊತ್ತೇ ಇರಲಿಲ್ಲ. ಇಬ್ಬರೂ ಎಳನೀರು ಕುಡಿದು ಹಿಂತಿರುಗಿದರು. ಈಗ ಏರು. ಆದರೂ ಮುನಿಗಂಗಪ್ಪ ಎಕ್ಸಲರೇಟರನ್ನು ಮಲಗಿದ ಮಗುವಿನ ಕೈ ಹಿಡಿದ ಹಾಗೆ ಹಿಡಿದಿದ್ದರು. ಮಂಚೇನಹಳ್ಳಿ ದಾಟಿದಾಗಲೂ ಮೂವತ್ತೊಂದಿತ್ತು.

"ಅಪ್ಪ, ಇಷ್ಟೆಲ್ಲ ಗೊತ್ತಿದ್ದೂ ನಿಂಗ್ಯಾಕೆ ಒಂದ್ಸಲಾನೂ ಪ್ರೈಜ್ ಬರ್ಲಿಲ್ಲ?"

"ಏನೋಮ್ಮ. ನನ್ ಕೈಗೆ ಬಂದ ಬಸ್ಸುಗಳೇ ಅಂಥವು."

ಆಗ ರಸ್ತೆಯ ಬಲಗಡೆ ಒಂದು ಕೈ ಮೇಲೆದ್ದಿತು. ಊಟದ ಕ್ಯಾರಿಯರ್ ಹಿಡಿದ ಒಬ್ಬ ಅಜ್ಜಿ.

"ನಿಲ್ಲಿಸ್ಬೇಡಪ್ಪ! ಅವ್ರು ಆ ಕಡೆ ಹೋಗೋರು!" ಎಂದು ಸಂಘಮಿತ್ರ ಕೂಗುವುದರೊಳಗೆ ಬೈಕು ನಿಂತೇಬಿಟ್ಟಿತ್ತು. ಮುನಿಗಂಗಪ್ಪನವರ ಬಲಗಾಲು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ.

ಹೆಲ್ಮೆಟ್ ತೆಗೆದ ಮುಖ ಕಂಡದ್ದೇ ಅಜ್ಜಿ ಬಾಯಿತುಂಬ ನಕ್ಕರು. "ಮುನಿಗಂಗಪ್ಪನಾ, ನಾಯನಾ! ಏನಪ್ಪ, ಬಸ್ಸು ಇಷ್ಟು ಚಿಕ್ಕದಾಗೋಯ್ತು?"

"ಎಲ್ಲಿಗೆ ಗಂಗುಲಮ್ಮ?"

"ಗೌರಿಬಿದನೂರು ಆಸ್ಪತ್ರೆಗಪ್ಪ. ಸೊಸೆ ಹೆತ್ತವ್ಳೆ. ಮೆಣಸಿನ ಸಾರು, ಬಿಸಿ ಅನ್ನ ಮಾಡ್ಕೊಂಡು ಬರೋದ್ರಲ್ಲಿ ಬಸ್ಸು ಹೋಗ್ಬಿಡ್ತು. ಬಾಣಂತಿಗೆ ಆರಿದ್ದು ಹೆಂಗೆ ಕೊಡೋದು?"

ಮುನಿಗಂಗಪ್ಪ ಮಗಳ ಕಡೆ ನೋಡಿದರು. ಅವಳಿಗೆ ಅರ್ಥವಾಯಿತು. ಇಳಿದು, ತನ್ನ ಹೆಲ್ಮೆಟ್ಟನ್ನು ಗಂಗುಲಮ್ಮನವರ ತಲೆಯ ಸೆರಗಿನ ಮೇಲೆಯೇ ತೊಡಿಸಿ ಪಟ್ಟಿ ಬಿಗಿದಳು. ಆಮೇಲೆ ಮೊಬೈಲ್ ತೆಗೆದಳು.

"ಇರಪ್ಪ, ಮೂವತ್ತೊಂದಿದೆ. ಈಗ್ಲೇ ಫೋಟೋ ಹೊಡ್ಕೊಂಬಿಡ್ತೀನಿ."

"ಬೇಡಮ್ಮ. ಮನೆ ಮುಟ್ಟಿಲ್ವಲ್ಲ. ಸುಳ್ಳು ಹೇಳಿ ಗೆಲ್ಲೋದಾ?"

"ಸೋತ್ರೆ ಅವ್ರ ಮುಂದೆ ಏನ್ ಹೇಳ್ಬೇಕು ನೆನಪಿದೆಯಾ?"

ಮುನಿಗಂಗಪ್ಪ ಮೀಟರಿನ ಕಡೆ ಒಮ್ಮೆ ನೋಡಿದರು. ಅವರಿಗೆ ಸಂಕಟವಾಗಿರಲಿಲ್ಲ ಎನ್ನುವಂತಿಲ್ಲ. ಜೀವಮಾನದಲ್ಲಿ ಮೊದಲ ಸಲ ಬಹುಮಾನದ ಹತ್ತಿರ ಬಂದಿದ್ದರು. "ಹೇಳಿದ್ರಾಯ್ತು ಬಿಡು. ಊಟ ಆರ್ಹೋಗುತ್ತೆ. ನೀನು ಬಸ್ಸಿಗೆ ಬಂದ್ಬಿಡಮ್ಮ," ಎಂದರು.

ಗಂಗುಲಮ್ಮ ಒಂದು ಕಡೆ ಕಾಲು ಇಳಿಬಿಟ್ಟು, ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಅವರ ಭುಜ ಗಟ್ಟಿಯಾಗಿ ಹಿಡಿದರು. ಬೈಕು ತಿರುಗಿತು. ಬೆಳಗಿನಿಂದ ಬಾಯಿ ಕಟ್ಟಿಸಿಕೊಂಡಿದ್ದ ಎಂಜಿನ್ನು ಗುಡುಗಿ, ನೋಡುನೋಡುತ್ತಿದ್ದಂತೆ ಗೌರಿಬಿದನೂರಿನ ಕಡೆ ಮಾಯವಾಯಿತು. ಮೈಲೇಜಿನ ಕಥೆ ಅಲ್ಲಿಗೆ ಮುಗಿಯಿತು. ಅಪ್ಪ ಸೋತದ್ದಕ್ಕೆ ಅಳಬೇಕೋ ನಗಬೇಕೋ ತಿಳಿಯದೆ ಸಂಘಮಿತ್ರ ನಿಂತೇ ಇದ್ದಳು.

ಬಹಳ ಹೊತ್ತಿನ ಮೇಲೆ ಚಿಕ್ಕಬಳ್ಳಾಪುರದ ಕಡೆ ಹೋಗುವ ಬಸ್ಸೊಂದು ಬಂತು. ಒಳಗೆ ಸೀಟುಗಳು ಖಾಲಿ ಕಾಣುತ್ತಿದ್ದವು. ಅವಳು ಕೈ ಎತ್ತಿದಳು. ಡ್ರೈವರ್ ಅವಳನ್ನು ನೋಡಿದ, ಚೆನ್ನಾಗಿಯೇ ನೋಡಿದ, ವೇಗವನ್ನು ಒಂದಿಷ್ಟೂ ತಗ್ಗಿಸದೆ ಹೊರಟುಹೋದ.

ಜಾಕೆಟ್ಟಿನ ಮೇಲೆ ಬಿದ್ದ ಧೂಳು ಕೊಡವಿಕೊಳ್ಳುತ್ತಾ ಸಂಘಮಿತ್ರ ಹೇಳಿದಳು:

"ಈ ವರ್ಷದ ಬಹುಮಾನ ಇವ್ನಿಗೇ."